ಅನ್ನದ ಉಂಡೆ ಡೋನಟ್ ಆದ ಬಗೆ: ಒಂದು ಕಾರ್ಟೂನ್ ಕಂತಿನಿಂದ ವಿಜ್ಞಾನ ಬೋಧನೆಗೆ

‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಬೋಧನಾ ಸೂತ್ರವನ್ನು ನಾವೆಲ್ಲರೂ ಪಾಠಯೋಜನೆಯಲ್ಲಿ ಬರೆಯುತ್ತೇವೆ. ಆದರೆ ಪಾಠದಲ್ಲಿ ಮಗು ಎಂದೂ ಕಾಣದ ವಸ್ತು ಬಂದಾಗ ಅದನ್ನು ಹೇಗೆ ಹೇಳಬೇಕೆಂದು ಸೂತ್ರ ತಿಳಿಸುವುದಿಲ್ಲ. ಇದೇ ಪ್ರಶ್ನೆಯನ್ನು ದಿನವೂ ಎದುರಿಸುವ ಇನ್ನೊಂದು ವೃತ್ತಿಯಿದೆ: ಮಕ್ಕಳ ಕಾರ್ಟೂನ್‌ಗಳಿಗೆ ಬೇರೆ ಭಾಷೆಯ ಧ್ವನಿ ಕೊಡುವ ಡಬ್ಬಿಂಗ್. ನಮ್ಮ ತಲೆಮಾರಿನ ಅನೇಕರು ಹಿಂದಿಯಲ್ಲಿ ನೋಡಿ ಬೆಳೆದ ‘ಪೊಕೆಮಾನ್’ ಸರಣಿಯ ಒಂದು ಕಂತನ್ನು ಉದಾಹರಣೆಯಾಗಿ ತೆಗೆದುಕೊಂಡು, ಅದರಿಂದ ವಿಜ್ಞಾನ ಶಿಕ್ಷಕರು ಏನು ಕಲಿಯಬಹುದೆಂದು ಇಲ್ಲಿ ವಿವರಿಸುತ್ತೇನೆ.

ಸರಣಿಯ 25ನೆಯ ಕಂತು ಜಪಾನಿನಲ್ಲಿ 1997ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾಯಿತು. ಇಂಗ್ಲಿಷ್ ರೂಪ ಅಮೆರಿಕದಲ್ಲಿ 1998ರಲ್ಲಿ ಬಂತು. ಪ್ರಯಾಣದ ನಡುವೆ ಗೆಳೆಯರು ಊಟಕ್ಕೆ ಕುಳಿತಿರುತ್ತಾರೆ. ಅವರ ಬಳಿ ಇರುವುದು ‘ಒನಿಗಿರಿ’. ಅಂಟಿಕೊಳ್ಳುವ ಗುಣದ ಅನ್ನವನ್ನು ಕೈಯಲ್ಲಿ ಒತ್ತಿ ತ್ರಿಕೋನ ಮಾಡಿ, ಹಿಡಿಯಲು ಅನುಕೂಲವಾಗಲೆಂದು ಕೆಳಗೆ ‘ನೋರಿ’ ಎಂಬ ಒಣಗಿಸಿದ ಕಡಲಪಾಚಿಯ ಹಾಳೆ ಸುತ್ತಿರುತ್ತಾರೆ. ಮಂಗನಂಥ ‘ಮ್ಯಾಂಕಿ’ ಆ ತಿಂಡಿಯ ಆಸೆಗೆ ಅಲ್ಲಿಗೆ ಬರುತ್ತದೆ. ಇಂಗ್ಲಿಷ್ ರೂಪದಲ್ಲಿ ಚಿತ್ರ ಹಾಗೆಯೇ ಉಳಿಯಿತು, ಮಾತು ಮಾತ್ರ ಬದಲಾಯಿತು: ಬಿಳಿ ತ್ರಿಕೋನವನ್ನು ಕೈಯಲ್ಲಿ ಹಿಡಿದ ಪಾತ್ರ ಅದನ್ನು ಜೆಲ್ಲಿ ತುಂಬಿದ ಡೋನಟ್ ಎನ್ನುತ್ತದೆ.

ಅಮೆರಿಕದ ಮಗುವಿಗೆ ಡೋನಟ್ ಗೊತ್ತು, ಒನಿಗಿರಿ ಗೊತ್ತಿಲ್ಲ. ಸೂತ್ರದ ಅಕ್ಷರಾರ್ಥ ಹಿಡಿದರೆ ಇದು ಸರಿಯಾದ ಬೋಧನೆಯೇ. ಆದರೆ ಮಗುವಿಗೆ ಕಣ್ಣೂ ಇದೆ. ಕಣ್ಣು ಒಂದು ಹೇಳುವಾಗ ಕಿವಿ ಇನ್ನೊಂದು ಕೇಳಿದರೆ, ಮಗು ಎರಡರಲ್ಲಿ ಒಂದನ್ನು ಅನುಮಾನಿಸಬೇಕಾಗುತ್ತದೆ. ದೊಡ್ಡವರ ಮಾತನ್ನು ನಂಬುವ ಅಭ್ಯಾಸವಿರುವ ಮಗು ಸಾಮಾನ್ಯವಾಗಿ ಕಣ್ಣನ್ನೇ ಬಿಟ್ಟುಕೊಡುತ್ತದೆ. ವೀಕ್ಷಣೆಯೇ ಆಧಾರವಾಗಿರುವ ನಮ್ಮ ವಿಷಯಕ್ಕೆ ಇದು ಸಣ್ಣ ನಷ್ಟವಲ್ಲ.

ಇದನ್ನು ನೋಡಲೆಂದು ಎಂಟನೆಯ ತರಗತಿಯಲ್ಲಿ ಪಾಠದ ಆರಂಭಕ್ಕೆ ಐದು ನಿಮಿಷದ ಚಟುವಟಿಕೆ ಮಾಡಿಸಿದೆ. ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದು, ಕೆಳಗೊಂದು ಪಟ್ಟಿ ಎಳೆದು, ‘ಇದು ತಿನ್ನುವ ವಸ್ತು, ಏನಿರಬಹುದು?’ ಎಂದೆ. ಸಮೋಸ, ಕೇಕು, ಕೊಬ್ಬರಿ ಮಿಠಾಯಿ ಎಂಬ ಉತ್ತರಗಳು ಬಂದವು. ‘ಇದು ಡೋನಟ್’ ಎಂದಾಗ ಹಿಂದಿನ ಬೆಂಚಿನ ಹುಡುಗಿ, ‘ತೂತು ಎಲ್ಲಿ ಮಿಸ್?’ ಎಂದಳು. ಜೆಲ್ಲಿ ತುಂಬಿದ ಡೋನಟ್‌ಗೆ ತೂತು ಇರುವುದಿಲ್ಲ, ನಿಜ. ಆದರೂ ಅವಳ ಪ್ರಶ್ನೆ ಸರಿಯಾದದ್ದು: ಹೆಸರನ್ನು ಅವಳು ವಸ್ತುವಿನ ಜೊತೆ ಹೋಲಿಸಿ ನೋಡಿದಳು. ಉಳಿದವರಲ್ಲಿ ಹೆಚ್ಚಿನವರು ನೋಟ್‌ಬುಕ್ಕಿನಲ್ಲಿ ‘ಡೋನಟ್’ ಎಂದು ಬರೆದುಕೊಳ್ಳತೊಡಗಿದ್ದರು. ಚಿತ್ರ ಯಾವುದರದ್ದೆಂದು ಆಮೇಲೆ ವಿವರಿಸಿದೆ.

ಕನ್ನಡದಲ್ಲಿ ಈ ದೃಶ್ಯಕ್ಕೆ ಮಾತು ಬರೆಯಬೇಕಾದರೆ? ‘ಅನ್ನದ ಉಂಡೆ’ ಎಂದರೆ ಅರ್ಥ ಸರಿ, ಆದರೆ ಹಲವು ಮನೆಗಳಲ್ಲಿ ಆ ಮಾತಿಗೆ ಶ್ರಾದ್ಧದ ಪಿಂಡ ನೆನಪಾಗುತ್ತದೆ. ‘ಇಡ್ಲಿ’ ಎಂದರೆ ಬಣ್ಣ ಹೊಂದುತ್ತದೆ, ಆಕಾರ ಹೊಂದುವುದಿಲ್ಲ. ಡೋನಟ್‌ನ ಕಥೆಯೇ ಮತ್ತೆ. ‘ಬುತ್ತಿ’ ಎಂದರೆ ದಾರಿಯಲ್ಲಿ ತಿನ್ನಲು ಕಟ್ಟಿಕೊಂಡು ಹೋಗುವ ಅನ್ನವೆಂಬ ಕೆಲಸ ಸರಿಯಾಗಿ ಬರುತ್ತದೆ, ಚಿತ್ರಕ್ಕೂ ವಿರೋಧವಿಲ್ಲ. ‘ಒನಿಗಿರಿ’ ಎಂಬ ಹೆಸರನ್ನೇ ಇಟ್ಟು, ಇನ್ನೊಂದು ಪಾತ್ರದ ಬಾಯಲ್ಲಿ ‘ಓ, ಬುತ್ತಿಯನ್ನ!’ ಎನ್ನಿಸಿದರೆ ಇನ್ನೂ ಒಳ್ಳೆಯದು. ಪಾತ್ರದ ತುಟಿ ಅಲುಗುವಷ್ಟು ಹೊತ್ತಿನಲ್ಲೇ ಮಾತು ಮುಗಿಯಬೇಕಾದ್ದರಿಂದ ಡಬ್ಬಿಂಗ್‌ನವರಿಗೆ ಇಂಥ ವಿವರಣೆಗೆ ಜಾಗ ಕಡಿಮೆ. ನಮಗೆ ನಲವತ್ತು ನಿಮಿಷದ ಅವಧಿಯಿದೆ.

ಇದೇ ಸರಣಿಯ ಹೆಸರುಗಳಲ್ಲಿ ಇನ್ನೊಂದು ವಿಧಾನ ಕಾಣುತ್ತದೆ. ಬಾಲದ ತುದಿಯಲ್ಲಿ ಬೆಂಕಿ ಇರುವ ಪ್ರಾಣಿಯ ಜಪಾನಿ ಹೆಸರು ‘ಹಿತೊಕಾಗೆ’. ‘ಹಿ’ ಎಂದರೆ ಬೆಂಕಿ, ‘ತೊಕಾಗೆ’ ಎಂದರೆ ಹಲ್ಲಿ. ಇಂಗ್ಲಿಷಿನಲ್ಲಿ ಅದು ‘ಚಾರ್ಮ್ಯಾಂಡರ್’: ಸುಡು ಎಂಬರ್ಥದ ‘ಚಾರ್’ ಮತ್ತು ‘ಸಲಮ್ಯಾಂಡರ್’. ಫ್ರೆಂಚಿನಲ್ಲಿ ‘ಸಲಮೆಶ್’: ಸಲಮ್ಯಾಂಡರ್ ಮತ್ತು ದೀಪದ ಬತ್ತಿ ಎಂಬರ್ಥದ ‘ಮೆಶ್’. ಇಲ್ಲಿ ಅನುವಾದಕರು ಹೆಸರಿನ ರಚನೆಯನ್ನೇ ತಮ್ಮ ಭಾಷೆಯಲ್ಲಿ ಮತ್ತೆ ಕಟ್ಟಿದ್ದಾರೆ. ಮಗು ಹೆಸರನ್ನು ಬಿಡಿಸಿದರೆ ಪ್ರಾಣಿಯ ಗುಣ ಸಿಗುತ್ತದೆ. ನಮ್ಮ ‘ದ್ಯುತಿಸಂಶ್ಲೇಷಣೆ’ಯೂ ಹೀಗೆಯೇ: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ಬಿಡಿಸಿ ಹೇಳಿದರೆ ಪದವೇ ಅರ್ಧ ಪಾಠ ಮಾಡುತ್ತದೆ.

ಆದರೆ ಈ ವಿಧಾನದಲ್ಲೂ ಒಂದು ಎಚ್ಚರ ಬೇಕು. ಹಲ್ಲಿ ಸರೀಸೃಪ, ಸಲಮ್ಯಾಂಡರ್ ಕಪ್ಪೆಯಂತೆ ಉಭಯವಾಸಿ, ಅದರ ಚರ್ಮ ತೇವವಾಗಿರಬೇಕು. ಸಲಮ್ಯಾಂಡರ್ ಬೆಂಕಿಯಲ್ಲಿ ಬದುಕುತ್ತದೆ ಎಂಬುದು ಯುರೋಪಿನ ಹಳೆಯ ದಂತಕಥೆ. ಹೆಸರು ಭಾಷೆ ದಾಟುವಾಗ ಪ್ರಾಣಿಯ ವರ್ಗವೇ ಬದಲಾಯಿತು. ಕಾರ್ಟೂನ್‌ನಲ್ಲಿ ಇದರಿಂದ ತೊಂದರೆಯಿಲ್ಲ, ಜೀವಶಾಸ್ತ್ರದ ತರಗತಿಯಲ್ಲಿ ಇದೆ.

ನಮ್ಮ ಪಠ್ಯದಲ್ಲೇ ಇದಕ್ಕೆ ಸಮನಾದ ಉದಾಹರಣೆ ‘ಆಮ್ಲಜನಕ’. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಲವಾಸಿಯೆ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆಂದು ಭಾವಿಸಿ, ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಹೆಸರನ್ನು ಗ್ರೀಕ್ ಪದಗಳಿಂದ ಕಟ್ಟಿದ. ಅದೇ ‘ಆಕ್ಸಿಜನ್’. ಇಂದು ನಾವು ಹೈಡ್ರೋಕ್ಲೋರಿಕ್ ಆಮ್ಲ ಎನ್ನುವುದರಲ್ಲಿ ಆಕ್ಸಿಜನ್ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ಹೆಸರು ಮಾತ್ರ ಉಳಿಯಿತು. ಜರ್ಮನ್, ಜಪಾನಿ, ಕನ್ನಡ ಭಾಷೆಗಳು ಅದರ ಅರ್ಥವನ್ನೇ ತಮ್ಮ ಪದಗಳಲ್ಲಿ ಇಟ್ಟುಕೊಂಡವು. ಅನುವಾದ ಪ್ರಾಮಾಣಿಕವಾಗಿದೆ; ಮೂಲದಲ್ಲಿದ್ದ ತಪ್ಪು ಕಲ್ಪನೆಯೂ ಜೊತೆಗೇ ಬಂದಿದೆ.

ಹೀಗಾಗಿ ಹೆಸರನ್ನು ನಂಬಿದ ವಿದ್ಯಾರ್ಥಿ ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇರಬೇಕೆಂದು ತೀರ್ಮಾನಿಸಿದರೆ ಅದು ಅವನ ದಡ್ಡತನವಲ್ಲ. ಸೂತ್ರವನ್ನು ಹಲಗೆಯ ಮೇಲೆ ಬರೆದು, ‘ಇದರಲ್ಲಿ ಆಮ್ಲಜನಕ ಎಲ್ಲಿದೆ, ಹುಡುಕಿ’ ಎಂದು ಕೇಳುವುದು ನಮ್ಮ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಇಂಗ್ಲಿಷ್ ಮಾಧ್ಯಮದ ಪಿಯುಸಿಗೆ ಹೋಗುವ ಮಕ್ಕಳಿಗೆ ಇದು ಇನ್ನೂ ಮುಖ್ಯ. ಆಮ್ಲಜನಕ, ಆಕ್ಸಿಜನ್ ಎರಡೂ ಒಂದೇ ವಸ್ತುವಿನ ಎರಡು ಧ್ವನಿಗಳೆಂದು ಮೊದಲೇ ತಿಳಿದಿದ್ದರೆ, ಕಲಿತ ವಿಜ್ಞಾನವನ್ನು ಅವರು ಹೊಸದಾಗಿ ಕಲಿಯಬೇಕಾಗುವುದಿಲ್ಲ.

ಈ ಹೋಲಿಕೆಯಿಂದ ಪಾಠಯೋಜನೆಗೆ ಮೂರು ಅಂಶಗಳನ್ನು ಸೂಚಿಸಬಯಸುತ್ತೇನೆ. ಮೊದಲನೆಯದು, ಅಪರಿಚಿತ ವಸ್ತುವಿಗೆ ಪರಿಚಿತ ವಸ್ತುವಿನ ಹೆಸರಿಡುವುದು ಬೇಡ. ‘ಇದು ಇಂಥದ್ದರ ಹಾಗೆ’ ಎಂದು ಹೇಳಿ, ಎಲ್ಲಿ ಹಾಗಿಲ್ಲ ಎಂಬುದನ್ನೂ ಕೂಡಲೇ ಹೇಳೋಣ. ಎರಡನೆಯದು, ಪಾರಿಭಾಷಿಕ ಪದ ಬಂದಾಗ ಅದನ್ನು ಬಿಡಿಸಿ, ಬಿಡಿಸಿದ ಅರ್ಥ ವಸ್ತುವಿಗೆ ಎಷ್ಟು ಹೊಂದುತ್ತದೆಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸೋಣ. ಮೂರನೆಯದು, ಚಿತ್ರ, ಮಾದರಿ ಅಥವಾ ಪ್ರಯೋಗ ಮುಂದಿರುವಾಗ ಮಕ್ಕಳು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುವವರೆಗೆ ನಮ್ಮ ಪದವನ್ನು ತಡೆದಿಟ್ಟುಕೊಳ್ಳೋಣ.

ಪಾಠ ವೀಕ್ಷಿಸುವ ಮಾರ್ಗದರ್ಶಿ ಉಪನ್ಯಾಸಕರು ಮತ್ತು ಸಹಪಾಠಿಗಳು ‘ಉದಾಹರಣೆ ಬಳಸಿದ್ದಾರೆ’ ಎಂಬ ಕಾಲಂನಲ್ಲಿ ಟಿಕ್ ಹಾಕುವಾಗ, ಆ ಉದಾಹರಣೆ ಹಲಗೆಯ ಮೇಲಿನ ಚಿತ್ರಕ್ಕೆ ಹೊಂದುತ್ತದೆಯೇ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದರೆ ನಮಗೆ ಬಹಳ ಉಪಕಾರವಾಗುತ್ತದೆ. ‘ತೂತು ಎಲ್ಲಿ?’ ಎಂದು ಕೇಳುವ ಮಗುವನ್ನು ಸುಮ್ಮನಾಗಿಸದ ತರಗತಿ ನಮ್ಮದಾಗಬೇಕಾದರೆ, ಆ ಪ್ರಶ್ನೆಯನ್ನು ಮೊದಲು ನಮ್ಮ ಪಾಠಯೋಜನೆಗಳಿಗೆ ನಾವೇ ಕೇಳಿಕೊಳ್ಳಬೇಕು.