ದಮ್ರೋ ಕಾಡಿನ ಲಿಬರೇಟರ್

2006ರ ಡಿಸೆಂಬರ್. ಅರುಣಾಚಲ ಪ್ರದೇಶದ ಅಪ್ಪರ್ ಸಿಯಾಂಗ್ ಜಿಲ್ಲೆಯಲ್ಲಿ ದಮ್ರೋ ಎಂಬ ಊರು, ಅದರ ಮೇಲಣ ಬೆಟ್ಟ. ದಾರಿ ಎಂದು ಕರೆಯುವಂಥದ್ದು ಯಾವುದೂ ಅಲ್ಲಿಲ್ಲ. ಆದಿ ಬುಡಕಟ್ಟಿನ ಜನರ ಜೊತೆಗೆ, ಅವರ ಕಾಲನ್ನೇ ನಂಬಿ, ಅಮೆರಿಕದ ಅರಿಜೋನಾದಿಂದ ಬಂದ ಕ್ಲೇಟನ್ ಕೂಲ್ಸ್ ಎಂಬ ಪರ್ವತಾರೋಹಿ ಹತ್ತುತ್ತಿದ್ದಾರೆ. ಹತ್ತಿ ಹತ್ತಿ, ಕಾಡು ಇನ್ನೇನು ಮೋಡದೊಳಗೆ ಸೇರಿಕೊಳ್ಳುತ್ತದೆ ಎನ್ನುವಷ್ಟು ಎತ್ತರದಲ್ಲಿ, ಹಸಿರಿನ ನಡುವೆ ಹಸಿರಲ್ಲದ್ದು ಏನೋ ಕಾಣುತ್ತದೆ. ಅಲ್ಯೂಮಿನಿಯಂ! ಸೀಳಿದ, ಮಡಚಿದ, ಅರವತ್ತಮೂರು ಮಳೆಗಾಲ ತೊಳೆದ ಅಲ್ಯೂಮಿನಿಯಂ. ಅದರ ಮೇಲಿದ್ದ ಸಂಖ್ಯೆಯನ್ನು ಹಳೆಯ ಸೇನಾ ದಾಖಲೆಗೆ ತಾಳೆ ನೋಡಿದರೆ ಎದುರಿಗೆ ನಿಲ್ಲುವುದು ಒಂದು ಹೆಸರು: 'ಹಾಟ್ ಆ್ಯಸ್ ಹೆಲ್'. ನರಕದಷ್ಟು ಬಿಸಿ ಎಂಬ ಹೆಸರಿನ ಆ ವಿಮಾನ ಮಂಜು ಕೊರೆಯುವ ಬೆಟ್ಟದ ಮಗ್ಗುಲಲ್ಲಿ ಎಂಟು ಮಂದಿಯನ್ನು ಮಡಿಲಲ್ಲಿಟ್ಟುಕೊಂಡು ಮಲಗಿತ್ತು.

ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ಸಾವಿರಾರು ಮೈಲು ಆಚೆಯ ಹುಡುಗರು, ನಮ್ಮದೇ ದೇಶದ ಒಂದು ಬೆಟ್ಟ, ನಡುವೆ ಸುಮಾರು ಅರವತ್ತಮೂರು ವರ್ಷಗಳ ಮೌನ. ಹೇಗೆ ಬಂದರು ಅಲ್ಲಿಗೆ? ಯಾಕೆ ಯಾರಿಗೂ ಸಿಗಲಿಲ್ಲ?

1942ರಲ್ಲಿ ಜಪಾನಿ ಸೇನೆ ಬರ್ಮಾವನ್ನು ನುಂಗಿ, ಚೀನಾಕ್ಕೆ ಹೋಗುತ್ತಿದ್ದ ರಸ್ತೆಯನ್ನು ಮುಚ್ಚಿತು. ಜಪಾನ್ ವಿರುದ್ಧ ಹೋರಾಡುತ್ತಿದ್ದ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು, ಔಷಧಿ, ಏನೇ ಹೋಗಬೇಕಾದರೂ ಆಕಾಶವೊಂದೇ ದಾರಿ. ಅಸ್ಸಾಮಿನ ಚಹಾ ತೋಟಗಳ ನಡುವಿನ ಚಾಬುವಾದಂಥ ನೆಲೆಗಳಿಂದ ಎದ್ದ ವಿಮಾನಗಳು ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಚೀನಾದ ಕುನ್ಮಿಂಗ್‌ನಲ್ಲಿ ಇಳಿಯಬೇಕು. ಪೈಲಟ್‌ಗಳು ಈ ಬೆಟ್ಟಸಾಲಿಗೆ 'ಹಂಪ್' ಎಂದು ಹೆಸರಿಟ್ಟರು. ಹಂಪ್ ಎಂದರೆ ಡುಬ್ಬ, ಅಷ್ಟೇ. ಆ ಡುಬ್ಬದ ಮೇಲೆ ಗಾಳಿ ವಿಮಾನವನ್ನು ಎತ್ತಿ ಒಗೆಯುತ್ತಿತ್ತು, ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು, ಮೋಡದೊಳಗೆ ಶಿಖರಗಳು ಬಾಯಿ ತೆರೆದು ಕಾದಿರುತ್ತಿದ್ದವು. ಮೂರು ವರ್ಷಗಳಲ್ಲಿ ಸುಮಾರು 6.5 ಲಕ್ಷ ಟನ್ ಸಾಮಾನು ಈ ದಾರಿಯಲ್ಲಿ ದಾಟಿತು. ಸುಮಾರು 600 ವಿಮಾನಗಳು ಮರಳಲಿಲ್ಲ. 1,600ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಆಕಾಶ ತಿಳಿಯಾಗಿದ್ದ ದಿನ ಕೆಳಗೆ ಬಿದ್ದ ವಿಮಾನಗಳ ಹೊಳಪನ್ನೇ ಗುರುತಾಗಿಟ್ಟುಕೊಂಡು ದಾರಿ ಹಿಡಿಯಬಹುದಿತ್ತಂತೆ. ಆ ದಾರಿಗೆ 'ಅಲ್ಯೂಮಿನಿಯಂ ಜಾಡು' ಎಂಬ ಹೆಸರೇ ಬಂತು. ಸತ್ತ ಗೆಳೆಯರ ವಿಮಾನವೇ ಬದುಕಿದವರಿಗೆ ಕೈಮರ!

'ಹಾಟ್ ಆ್ಯಸ್ ಹೆಲ್' ಸಾಮಾನು ಹೊರುವ ವಿಮಾನವಾಗಿರಲಿಲ್ಲ, ಬಿ-24 ಲಿಬರೇಟರ್ ಬಾಂಬರ್. ನಾಲ್ಕು ಎಂಜಿನ್ನು, ತುದಿಯಿಂದ ತುದಿಗೆ 110 ಅಡಿಯ ತೆಳ್ಳನೆಯ ಉದ್ದ ರೆಕ್ಕೆ. ಅಂಥವನ್ನು ಅಮೆರಿಕ 18,000ಕ್ಕೂ ಹೆಚ್ಚು ಕಟ್ಟಿತು. ಬಾಂಬರ್‌ಗೆ ಹಂಪ್ ಮೇಲೆ ಏನು ಕೆಲಸ ಎಂದು ಕೇಳಿದರೆ ಸಿಗುವ ಉತ್ತರವೇ ಬೆರಗು ಹುಟ್ಟಿಸುತ್ತದೆ. ಚೀನಾದಲ್ಲಿ ಬೀಡುಬಿಟ್ಟಿದ್ದ 308ನೇ ಬಾಂಬರ್ ದಳಕ್ಕೆ ಪೆಟ್ರೋಲು ತಂದುಕೊಡುವವರು ಯಾರೂ ಇರಲಿಲ್ಲ. ಶತ್ರುವಿನ ಮೇಲೆ ಒಂದು ದಾಳಿ ಮಾಡಬೇಕೆಂದರೆ ಮೊದಲು ತಾವೇ ಹಲವು ಸಲ ಹಿಮಾಲಯ ದಾಟಿ ಬಂದು, ಪೆಟ್ರೋಲನ್ನೂ ಬಾಂಬನ್ನೂ ಹೊತ್ತುಕೊಂಡು ಹೋಗಬೇಕು. ಯುದ್ಧಕ್ಕಿಂತ ಯುದ್ಧದ ಸಾಮಾನು ತರುವುದೇ ಹೆಚ್ಚು ಅಪಾಯ. 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಚಾಬುವಾಕ್ಕೆ ಹೊರಟ ಎಂಟು ಮಂದಿ ಅಂಥದೊಂದು ಮಾಮೂಲಿ ಸರಕಿನ ಯಾನದಲ್ಲಿದ್ದರು. ಚಾಬುವಾದ ಸುತ್ತ ಕಣ್ಣಿಗೆ ಏನೂ ಕಾಣದಂಥ ಹವೆ. ವಿಮಾನ ಬರಲಿಲ್ಲ. ಅದೇ ದಿನ ಅದೇ ದಾರಿಯಲ್ಲಿ ಬೇರೆ ವಿಮಾನಗಳೂ ಹಾಳಾದವು.

ಆ ಎಂಟರಲ್ಲಿ ಒಬ್ಬ ಫಸ್ಟ್ ಲೆಫ್ಟಿನೆಂಟ್ ರಾಬರ್ಟ್ ಯುಜೀನ್ ಆಕ್ಸ್‌ಫರ್ಡ್. ಜಾರ್ಜಿಯಾ ರಾಜ್ಯದ ಕಾನ್ಕಾರ್ಡ್ ಎಂಬ ಪುಟ್ಟ ಊರಿನವನು. ವಯಸ್ಸು 24. ಸೇನೆ ಹುಡುಕಿತು, ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಸತ್ತರೆಂದು ಭಾವಿಸಿ ಕಡತ ಮುಚ್ಚಿತು. ಹೆಸರಿನ ಮುಂದೆ ಒಂದು ಪದ ಉಳಿಯಿತು: ಕಾಣೆ.

ಈ ಪದದ ಮೇಲೆ ನಾನು ಬಹಳ ಹೊತ್ತು ನಿಂತೆ. 'ಕಾಣೆ' ಎಂದರೇನು? ನಮ್ಮ ಅಜ್ಜಿಯರು 'ಅದೇನೋ ನಾ ಕಾಣೆ' ಎನ್ನುತ್ತಿದ್ದರಲ್ಲ, ಅದೇ. ನಾನು ಕಂಡಿಲ್ಲ, ನನಗೆ ಗೊತ್ತಿಲ್ಲ ಎಂದು ಅರ್ಥ. ಕನ್ನಡ ಎಷ್ಟು ಪ್ರಾಮಾಣಿಕ ನೋಡಿ! ಕಳೆದುಹೋದವನ ವಿಷಯ ಹೇಳುತ್ತೇನೆಂದು ಹೊರಟ ಪದ ಹುಡುಕಿದವನ ಕಣ್ಣಿನ ಮಿತಿಯನ್ನು ಒಪ್ಪಿಕೊಂಡುಬಿಡುತ್ತದೆ. ವಾಷಿಂಗ್ಟನ್ನಿನ ಕಡತ 'ನಾ ಕಾಣೆ' ಎಂದಿತು. ದಮ್ರೋದ ಬೆಟ್ಟ ಹಾಗೆನ್ನಲಿಲ್ಲ. ಬೇಟೆಗೆ ಹೋದ ಆದಿ ಜನ ಹಾಗೆನ್ನಲಿಲ್ಲ. ಯಾವ ಕಣಿವೆಯಲ್ಲಿ ಯಾವ ಲೋಹ ಬಿದ್ದಿದೆ ಎಂಬುದು ಅರುಣಾಚಲದ ಬೇಟೆಗಾರರಿಗೆ ಕಾಡಿನ ಉಳಿದೆಲ್ಲ ಗುರುತುಗಳ ಹಾಗೆಯೇ ಗೊತ್ತಿದ್ದ ಸಂಗತಿ. ಅವರನ್ನು ಕೇಳಿದವರಿರಲಿಲ್ಲ, ಅಷ್ಟೇ. ಕೂಲ್ಸ್ ಮಾಡಿದ ದೊಡ್ಡ ಕೆಲಸ ನನ್ನ ಪ್ರಕಾರ ಬೆಟ್ಟ ಹತ್ತಿದ್ದಲ್ಲ. ಊರೂರಿಗೆ ಹೋಗಿ, ಒಲೆಯ ಪಕ್ಕ ಕೂತು, ಬೇಟೆಗಾರರನ್ನು ಕೇಳಿದ್ದು.

ಸಿಕ್ಕಿತು, ಆದರೆ ಮನೆಗೆ ಬರಲಿಲ್ಲ. ಚೀನಾ ಗಡಿಗೆ ಹತ್ತಿರದ ಸೂಕ್ಷ್ಮ ಪ್ರದೇಶ, ಅನುಮತಿಗಳ ತೊಡಕು, ವರ್ಷದಲ್ಲಿ ಕೆಲವೇ ವಾರ ಕೆಲಸಕ್ಕೆ ಬಿಡುವ ಹವೆ. ಸುಮಾರು ಒಂಬತ್ತು ವರ್ಷ ಕಳೆಯಿತು. ಅರವತ್ತಮೂರು ವರ್ಷ ಕಾದವರಿಗೆ ಇನ್ನೂ ಒಂಬತ್ತು! ಜಾಗ ಗೊತ್ತಾದ ಮೇಲಿನ ಕಾಯುವಿಕೆ ಗೊತ್ತಿಲ್ಲದಾಗಿನ ಕಾಯುವಿಕೆಗಿಂತ ಕ್ರೂರ ಎಂದು ನನಗೆ ಅನಿಸುತ್ತದೆ.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತಂಡ ಕೊನೆಗೂ ಬೆಟ್ಟ ಹತ್ತಿತು. ಕಾಣೆಯಾದ ಸೈನಿಕರನ್ನು ಹುಡುಕುವುದಕ್ಕೆಂದೇ ಇರುವ ಸಂಸ್ಥೆಯ ತಂಡ ಅದು. ಅವರ ಕೆಲಸದ ರೀತಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ನೆಲವನ್ನು ಚೌಕ ಚೌಕವಾಗಿ ದಾರ ಕಟ್ಟಿ ಹಂಚಿಕೊಂಡು, ಒಂದೊಂದು ಬುಟ್ಟಿ ಮಣ್ಣನ್ನೂ ಜರಡಿ ಹಿಡಿದು, ಕಲ್ಲು ಯಾವುದು, ಬೇರು ಯಾವುದು, ಮೂಳೆಯ ಚೂರು ಯಾವುದು ಎಂದು ಬೆರಳಲ್ಲಿ ಆರಿಸುತ್ತಾರೆ. ನಮ್ಮ ಅಮ್ಮಂದಿರು ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ಕಡಿದಾದ ಇಳಿಜಾರಿನಲ್ಲಿ, ಎರಡು ತಿಂಗಳು! 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಆ ಅವಶೇಷಗಳನ್ನು ಮಿಲಿಟರಿ ಗೌರವದೊಂದಿಗೆ ಕಳಿಸಿಕೊಡಲಾಯಿತು. ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ. ಮೂಳೆಯೊಳಗೆ ಒಂದು ಕುಟುಂಬದ ಸಹಿ ಏಳು ದಶಕ ಅಳಿಸದೆ ಉಳಿದಿರುತ್ತದೆ ಎಂಬುದನ್ನು ಎಷ್ಟು ಸಲ ಓದಿದರೂ ನನಗೆ ಹಳತಾಗುವುದಿಲ್ಲ. ಉತ್ತರ ಬಂತು: ರಾಬರ್ಟ್ ಆಕ್ಸ್‌ಫರ್ಡ್. 2017ರ ಜೂನ್‌ನಲ್ಲಿ ಕಾನ್ಕಾರ್ಡ್ ತನ್ನ ಹುಡುಗನನ್ನು ಮಣ್ಣಿಗಿಟ್ಟಿತು. ಹೊರಟಾಗ ಆತನಿಗೆ 24, ಮರಳುವಾಗ ಊರಿನಲ್ಲಿ ಆತನನ್ನು ಕಂಡು ಬಲ್ಲವರು ಇನ್ನೆಷ್ಟು ಮಂದಿ ಉಳಿದಿದ್ದಾರು!

ಫಿಲಿಪೀನ್ಸ್‌ನ ಮನಿಲಾದಲ್ಲಿ ಅಮೆರಿಕದ ಯುದ್ಧ ಸ್ಮಶಾನವಿದೆ. ಅಲ್ಲಿನ ಕಲ್ಲಿನ ಗೋಡೆಗಳ ಮೇಲೆ ಕಾಣೆಯಾದ 36,286 ಮಂದಿಯ ಹೆಸರು ಕೆತ್ತಿದ್ದಾರೆ. ಆಕ್ಸ್‌ಫರ್ಡ್‌ನ ಹೆಸರೂ ಅಲ್ಲಿದೆ. ಯಾರಾದರೂ ಸಿಕ್ಕರೆ ಹೆಸರನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಹೂವಿನಾಕಾರದ ಒಂದು ಪುಟ್ಟ ಗುರುತು ಹಾಕುತ್ತಾರೆ.

ಇಲ್ಲಿಯವರೆಗೆ ಬಂದಮೇಲೆ ನನಗೆ ಇನ್ನೊಂದು ಆಶ್ಚರ್ಯ ಕಾದಿತ್ತು, ಅದೂ ನಮ್ಮ ಬೆಂಗಳೂರಿನಲ್ಲಿ. 1940ರ ಕೊನೆಗೆ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಬಂತು. ಈ ಯುದ್ಧರಂಗದ ಲಿಬರೇಟರ್, ಡಕೋಟಾ, ಕ್ಯಾಟಲೀನಾ ವಿಮಾನಗಳು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿಕೊಂಡು ಹಾರುತ್ತಿದ್ದುದು ಇಲ್ಲಿಂದ. ನೀರಿನ ಮೇಲಿಳಿಯುವ ಕ್ಯಾಟಲೀನಾಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣ! ಯುದ್ಧ ಮುಗಿದು, ಮತ್ತೆ ಯಾರೂ ಹಾರಿಸಬಾರದೆಂದು ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್‌ಗಳಿಗೆ ಜೀವ ಕೊಟ್ಟವರೂ ಎಚ್‌ಎಎಲ್‌ನವರೇ. ಸುಮಾರು ನಲವತ್ತು ವಿಮಾನಗಳು ಹೀಗೆ ಎದ್ದು ಕೂತವು. ಭಾರತೀಯ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಅವುಗಳಲ್ಲೊಂದು ಈಗ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿದೆ. ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಕೆಲವು ಕಾನ್ಪುರದ ಆ ಕಸದ ರಾಶಿಯಿಂದಲೇ ಬದುಕಿಬಂದವು.

ಆ ವಿಮಾನಗಳಿಗೆ ರಿವೆಟ್ಟು ಹೊಡೆದ ಕೈಗಳು ಯಾರವು? ಹಲಸೂರು, ದೊಮ್ಮಲೂರು, ವಿಮಾನಪುರದ ಎಷ್ಟೋ ಮನೆಗಳ ಅಜ್ಜಂದಿರವು. ಅವರ ಹೆಸರಿಗೂ ಒಂದು ಗೋಡೆ ಬೇಕಿತ್ತು.

2023ರ ನವೆಂಬರ್‌ನಲ್ಲಿ ಅರುಣಾಚಲದ ಪಾಸಿಘಾಟ್‌ನಲ್ಲಿ ಹಂಪ್ ವಸ್ತುಸಂಗ್ರಹಾಲಯ ತೆರೆಯಿತು. ಬೆಟ್ಟಗಳಿಂದ ಹೊತ್ತು ತಂದ ವಿಮಾನಗಳ ಚೂರುಗಳು ಅಲ್ಲಿವೆ. ಆ ಕಡೆ ಹೋದರೆ ತಪ್ಪದೆ ನೋಡಿ ಬನ್ನಿ. ಅದಕ್ಕೂ ಮೊದಲು ಇನ್ನೊಂದು ಕೆಲಸ. ನಿಮ್ಮ ಮನೆಯ ಹಿರಿಯರು ಯಾರಾದರೂ ಯುದ್ಧದ ದಿನಗಳಲ್ಲಿ ಎಚ್‌ಎಎಲ್‌ನಲ್ಲಿ ದುಡಿದಿದ್ದರೆ, ಅವರ ಬಾಯಿಂದ ಕೇಳಿದ ಮಾತು, ಒಂದು ಹಳೆಯ ಫೋಟೊ, ಒಂದು ಗುರುತಿನ ಬಿಲ್ಲೆ ಏನೇ ಉಳಿದಿದ್ದರೂ, ಹೆಸರು, ಇಸವಿ, ಯಾವ ವಿಮಾನ ಎಂಬುದನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ.