ಯಾವ ಫೈಲು ಮೊದಲು, ಯಾವುದು ಕೊನೆಗೆ?

ಸ್ಪ್ರಿಂಗಿಗೆ ತೂಕವೊಂದನ್ನು ಕಟ್ಟಿ ಎಳೆದು ಬಿಟ್ಟರೆ ಅದು ಮೇಲಕ್ಕೂ ಕೆಳಕ್ಕೂ ಆಂದೋಲನ ಮಾಡುತ್ತದೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದ ವಿಷಯ. ಘರ್ಷಣೆಯಿಲ್ಲವೆಂದು ಭಾವಿಸಿದಲ್ಲಿ ಅದರ ಒಟ್ಟು ಶಕ್ತಿ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕೆಲವು ಕಾಲದ ಹಿಂದೆ ನಮ್ಮ ಪದವಿ ತರಗತಿಯ ಇಬ್ಬರು ವಿದ್ಯಾರ್ಥಿಗಳು ಈ ಆಂದೋಲನವನ್ನು ಗಣಕಯಂತ್ರದಲ್ಲಿ ಲೆಕ್ಕಮಾಡಿ, ನೂರು ಸೆಕೆಂಡುಗಳ ಕೊನೆಯಲ್ಲಿ ಶಕ್ತಿಯು ಮೊದಲಿನ 2.718 ರಷ್ಟಾಗಿದೆಯೆಂಬ ಫಲಿತಾಂಶವನ್ನು ತಂದು ನಮ್ಮ ಮುಂದಿಟ್ಟರು. ವರದಿಯನ್ನು ಒಪ್ಪಿಸಬೇಕಾಗಿದ್ದುದು ಮರುದಿನವೇ. ಅವರ ಮುಖದಲ್ಲಿ ಎಷ್ಟು ಕಳವಳವಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು? ಪ್ರಕೃತಿಯಿಂದಲ್ಲ, ಲೆಕ್ಕದ ವಿಧಾನದಿಂದ. ಅವರು ಅನುಸರಿಸಿದುದು ಆಯ್ಲರನ ಸರಳ ವಿಧಾನ. ಇದರಲ್ಲಿ ಕಾಲವನ್ನು ಸಣ್ಣ ಸಣ್ಣ ಅಂಶಗಳಾಗಿ ಕತ್ತರಿಸಿ, ಪ್ರತಿಯೊಂದು ಅಂಶದ ಆರಂಭದಲ್ಲಿರುವ ವೇಗವೂ ವೇಗೋತ್ಕರ್ಷವೂ ಆ ಅಂಶ ಮುಗಿಯುವವರೆಗೆ ಬದಲಾಗುವುದಿಲ್ಲವೆಂದು ಎಣಿಸಿ ಮುಂದಿನ ಸ್ಥಾನವನ್ನು ಕಂಡುಹಿಡಿಯುತ್ತಾರೆ. ಈ ಎಣಿಕೆ ಪೂರ್ತಿ ನಿಜವಲ್ಲವಾದುದರಿಂದ ಹೆಜ್ಜೆ ಹೆಜ್ಜೆಗೂ ಶಕ್ತಿ ತುಸು ಹೆಚ್ಚುತ್ತದೆ. ಕೋನೀಯ ಆವೃತ್ತಿಯು ಸೆಕೆಂಡಿಗೆ 1 ರೇಡಿಯನ್ ಇದ್ದು, ಕಾಲಾಂಶ 0.001 ಸೆಕೆಂಡ್ ಆಗಿದ್ದರೆ, ಪ್ರತಿ ಹೆಜ್ಜೆಗೂ ಶಕ್ತಿಯು 1.000001 ಪಟ್ಟಾಗುತ್ತದೆ. ನೂರು ಸೆಕೆಂಡಿಗೆ ಒಂದು ಲಕ್ಷ ಹೆಜ್ಜೆಗಳು; ಕೊನೆಗೆ ಬರಬೇಕಾದುದು 1.105. ಈ ದೋಷವನ್ನು ವಿದ್ಯಾರ್ಥಿಗಳು ಮೊದಲೇ ಲೆಕ್ಕಹಾಕಿದ್ದರು. ಆದರೆ ಕಾಲಾಂಶ 0.01 ಆಗಿದ್ದಲ್ಲಿ ಹತ್ತು ಸಾವಿರ ಹೆಜ್ಜೆಗಳು, ಹೆಜ್ಜೆಗೆ 1.0001 ಪಟ್ಟು, 1.0001 ರ ಹತ್ತು ಸಾವಿರದ ಘಾತವು 2.718, ಅಂದರೆ ಸ್ವಾಭಾವಿಕ ಲಾಗರಿತಮ್ಮಿನ ಆಧಾರಸಂಖ್ಯೆಗೆ ಅತಿ ಸಮೀಪವಾದುದು. ಯಂತ್ರವು 0.01 ನ್ನೇ ಬಳಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

“ನಾವು 0.001 ಎಂದೇ ಬರೆದಿದ್ದೇವೆ, ಸಾರ್. ಬೇಕಾದರೆ ನೋಡಿ” ಎಂದರು ಅವರು. ನೋಡಿದೆವು. ಅವರ ಫೈಲಿನ ಮೊದಲನೆಯ ಸಾಲಿನಲ್ಲಿಯೇ ‘ಕಾಲಾಂಶ = 0.001’ ಎಂದಿತ್ತು. ಹಾಗಾದರೆ ಬರೆದುದೊಂದು, ನಡೆದುದೊಂದು ಆದುದು ಹೇಗೆ?

ಇದನ್ನು ತಿಳಿಯಬೇಕಾದರೆ ಪ್ರೋಗ್ರಾಮನ್ನು ಕಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕು. ನಾವು ಬರೆಯುವ ಮೂಲಪಾಠವನ್ನು ಕಂಪೈಲರ್ ಎಂಬ ಸಾಧನವು ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಮೂಲಪಾಠವು ಹತ್ತಾರು ಫೈಲುಗಳಲ್ಲಿ ಹಂಚಿಕೊಂಡಿರುವಾಗ ಯಾವುದನ್ನು ಯಾವಾಗ ಪರಿವರ್ತಿಸಬೇಕು, ಯಾವ ಆಯ್ಕೆಗಳೊಡನೆ ಪರಿವರ್ತಿಸಬೇಕು ಎಂಬುದನ್ನು ಮನುಷ್ಯನು ನೆನಪಿಟ್ಟುಕೊಳ್ಳುವುದು ಕಷ್ಟ. 1976 ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ಈ ಕೆಲಸಕ್ಕಾಗಿಯೇ ‘ಮೇಕ್’ ಎಂಬ ಪ್ರೋಗ್ರಾಮನ್ನು ರಚಿಸಿದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ನರು ಒಂದು ಬೆಳಗನ್ನೆಲ್ಲ ತಪ್ಪು ಹುಡುಕುವುದರಲ್ಲಿ ಕಳೆದು, ತಪ್ಪನ್ನು ಆಗಲೇ ತಿದ್ದಿಯಾಗಿದೆಯೆಂದೂ, ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡುವುದನ್ನು ಮರೆತಿರುವುದೊಂದೇ ದೋಷವೆಂದೂ ಕೊನೆಗೆ ಕಂಡುಕೊಂಡರಂತೆ. ಆ ಪ್ರಸಂಗವೇ ಮೇಕಿನ ಹುಟ್ಟಿಗೆ ಪ್ರೇರಣೆ. ಇಂದಿಗೂ ಅದರ ವಂಶಜವಾದ ಗ್ನೂ ಮೇಕ್ ಲೋಕದಾದ್ಯಂತ ಬಳಕೆಯಲ್ಲಿದೆ. ನಮ್ಮ ವಿದ್ಯಾರ್ಥಿಗಳು ಬಳಸಿದುದೂ ಅದನ್ನೇ.

ಮೇಕಿಗೆ ಕೊಡುವ ಸೂಚನೆಗಳ ಫೈಲಿಗೆ ಮೇಕ್‌ಫೈಲು ಎಂದು ಹೆಸರು. ಇದರಲ್ಲಿ ಚರಗಳಿಗೆ ಬೆಲೆಗಳನ್ನು ಕೊಡಬಹುದು. ಅಷ್ಟೇ ಅಲ್ಲ, ‘ಇನ್ನೊಂದು ಫೈಲನ್ನು ಇಲ್ಲಿ ಸೇರಿಸಿಕೋ’ ಎಂದೂ ಆಜ್ಞಾಪಿಸಬಹುದು. ಆ ಆಜ್ಞೆ ಬಂದೊಡನೆ ಮೇಕ್ ಓದುತ್ತಿರುವ ಫೈಲನ್ನು ಅಲ್ಲಿಗೇ ನಿಲ್ಲಿಸಿ, ಇನ್ನೊಂದನ್ನು ಪೂರ್ತಿಯಾಗಿ ಓದಿ, ತರುವಾಯ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಎಲ್ಲರಿಗೂ ಸಮಾನವಾದ ಒಂದು ಸಾಮಾನ್ಯ ಫೈಲು ಇತ್ತು. ಅದರಲ್ಲಿ ‘ಕಾಲಾಂಶ = 0.01’ ಎಂಬ ಸಾಲೂ ಇತ್ತು. ವಿದ್ಯಾರ್ಥಿಗಳು ತಮ್ಮ ಬೆಲೆಯನ್ನು ಮೇಲೆ ಬರೆದು, ಸಾಮಾನ್ಯ ಫೈಲನ್ನು ಸೇರಿಸುವ ಆಜ್ಞೆಯನ್ನು ಕಟ್ಟಕಡೆಗೆ ಇಟ್ಟಿದ್ದರು.

ಸಾದಾ ಸಮಚಿಹ್ನೆಯ ಸ್ವಭಾವ ಕರಿಹಲಗೆಯ ಬರಹದಂತೆ: ಹಿಂದಿನದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಆದಕಾರಣ ಕೊನೆಗೆ ಓದಿದ ಫೈಲಿನ ಬೆಲೆಯೇ ಉಳಿಯಿತು. ಮೇಕ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಅದರ ದೃಷ್ಟಿಯಲ್ಲಿ ಇಲ್ಲಿ ತಪ್ಪೇ ನಡೆದಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಚಿಹ್ನೆಯುಂಟು, ಅದು ‘?=’. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಕರವಸ್ತ್ರವನ್ನು ಎಸೆದು ಜಾಗ ಹಿಡಿಯುವ ಪದ್ಧತಿಯನ್ನು ವಾಚಕರೆಲ್ಲರೂ ಬಲ್ಲರು. ಈ ಚಿಹ್ನೆಯ ನ್ಯಾಯವೂ ಅದೇ: ಚರಕ್ಕೆ ಈಗಾಗಲೇ ಬೆಲೆಯಿದ್ದರೆ ಅದನ್ನು ಮುಟ್ಟದೆ ಸುಮ್ಮನಿರುತ್ತದೆ, ಇಲ್ಲದಿದ್ದರೆ ಮಾತ್ರ ತನ್ನ ಬೆಲೆಯನ್ನು ಕೂರಿಸುತ್ತದೆ. ನಮ್ಮ ಸಾಮಾನ್ಯ ಫೈಲಿನಲ್ಲಿ ‘ಕಾಲಾಂಶ ?= 0.01’ ಎಂದಿದ್ದ ಪಕ್ಷದಲ್ಲಿ ಅದನ್ನು ಮೊದಲು ಸೇರಿಸಿದರೂ, ಕೊನೆಗೆ ಸೇರಿಸಿದರೂ ವಿದ್ಯಾರ್ಥಿಗಳ 0.001 ಉಳಿಯುತ್ತಿತ್ತು. ಆ ಫೈಲನ್ನು ಬರೆದವರು ನಾವೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆದರೆ ‘?=’ ಸಹ ಪೂರ್ತಿ ನಿರಪಾಯಕಾರಿಯಲ್ಲ. ಮೇಕನ್ನು ಕರೆಯುವ ಪರಿಸರದಲ್ಲಿ, ಎಂದರೆ ಆಜ್ಞೆಗಳನ್ನು ಸ್ವೀಕರಿಸುವ ಶೆಲ್ಲಿನಲ್ಲಿ, ಅದೇ ಹೆಸರಿನ ಹಳೆಯ ಚರವೊಂದು ಯಾವಾಗಲೋ ಸ್ಥಾಪಿತವಾಗಿ ಉಳಿದಿದ್ದರೆ, ಅದೂ ಕರವಸ್ತ್ರವೆಂದೇ ಲೆಕ್ಕ. ‘?=’ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ. ಸಾದಾ ‘=’ ಹಾಗಲ್ಲ; ಪರಿಸರದ ಬೆಲೆಯನ್ನು ಅದು ಮೆಟ್ಟಿಹಾಕುತ್ತದೆ. ಮೇಕನ್ನು ಕರೆಯುವಾಗಲೇ ಆಜ್ಞೆಯ ಸಾಲಿನಲ್ಲಿ ‘ಕಾಲಾಂಶ=0.001’ ಎಂದು ಟೈಪು ಮಾಡಿದರೆ ಅದು ಮೇಕ್‌ಫೈಲುಗಳ ‘=’ ಗಳನ್ನೆಲ್ಲ ಮೀರುತ್ತದೆ, ಅವು ಎಷ್ಟೇ ಕೊನೆಗಿರಲಿ. ಇದನ್ನೂ ಮೀರಬೇಕಾದರೆ ಮೇಕ್‌ಫೈಲಿನಲ್ಲಿ ‘ಓವರ್‌ರೈಡ್’ ಎಂಬ ವಿಶೇಷ ಶಬ್ದವನ್ನು ಬಳಸಬೇಕು. ಹೀಗೆ ಓದುವ ಕ್ರಮವೊಂದೇ ಅಲ್ಲ, ಬೆಲೆಯು ಯಾವ ಮೂಲದಿಂದ ಬಂತೆಂಬುದೂ ಗಣನೆಗೆ ಬರುತ್ತದೆ.

ಈ ಉಪಾಯವನ್ನು ವಿದ್ಯಾರ್ಥಿಗಳು ತಾವಾಗಿಯೇ ಪ್ರಯತ್ನಿಸಿದ್ದರು. ಆಜ್ಞೆಯ ಸಾಲಿನಲ್ಲಿ 0.001 ಎಂದು ಕೊಟ್ಟು ಮೇಕನ್ನು ಮತ್ತೆ ಕರೆದಿದ್ದರು. ಉತ್ತರ ಮತ್ತೆ 2.718! ಅವರ ದಿಗ್ಭ್ರಮೆಗೆ ಮುಖ್ಯ ಕಾರಣವೇ ಇದು. ಮೇಕ್ ನೋಡುವುದು ಫೈಲುಗಳ ಕಾಲಮುದ್ರೆಯನ್ನು ಮಾತ್ರ. ಮೂಲಪಾಠವು ಕಟ್ಟಿದ ಫೈಲಿಗಿಂತ ಹೊಸದಾಗಿದ್ದರೆ ಮತ್ತೆ ಕಟ್ಟುತ್ತದೆ. ಇಲ್ಲದಿದ್ದರೆ ‘ಮಾಡತಕ್ಕದ್ದೇನೂ ಇಲ್ಲ’ ಎನ್ನುತ್ತದೆ. ಆಜ್ಞೆಯ ಸಾಲಿನ ಬೆಲೆಗೆ ಕಾಲಮುದ್ರೆಯಿಲ್ಲ. ಹೊಸ ಬೆಲೆ ಮೇಕಿಗೆ ಮುಟ್ಟಿತು, ಆದರೆ ಅದನ್ನು ಕಂಪೈಲರಿಗೆ ತಲುಪಿಸುವ ಸಂದರ್ಭವೇ ಒದಗಲಿಲ್ಲ. ಹಳೆಯ ಪ್ರೋಗ್ರಾಮೇ ಓಡಿತು. ಜಾನ್ಸನ್ನರ ಆ ಬೆಳಗನ್ನು ಉಳಿಸಲು ಹುಟ್ಟಿದ ಸಾಧನವು ನಮ್ಮ ಹುಡುಗರ ಒಂದು ಸಂಜೆಯನ್ನು ಅದೇ ರೀತಿಯಲ್ಲಿ ನುಂಗಿತೆಂಬುದು ವಿಚಿತ್ರವೇ ಸರಿ. ಕಟ್ಟಿದ ಫೈಲುಗಳನ್ನು ಅಳಿಸಿ ಮೊದಲಿನಿಂದ ಕಟ್ಟಿಸಿದಾಗ 1.105 ಬಂತು.

ಈಗ ತುಸು ಸೂಕ್ಷ್ಮವಾದ ಸಂಗತಿಗೆ ಬರೋಣ. ಮೇಕ್ ತನ್ನ ಕೆಲಸವನ್ನು ಎರಡು ಘಟ್ಟಗಳಲ್ಲಿ ಮಾಡುತ್ತದೆ. ಮೊದಲ ಘಟ್ಟದಲ್ಲಿ ಎಲ್ಲ ಫೈಲುಗಳನ್ನೂ ಓದಿ ಮುಗಿಸುತ್ತದೆ. ಎರಡನೆಯ ಘಟ್ಟದಲ್ಲಿ ಕಟ್ಟತೊಡಗುತ್ತದೆ. ಒಂದು ಚರದ ಬೆಲೆಯೊಳಗೆ ಇನ್ನೊಂದು ಚರದ ಹೆಸರಿದ್ದರೆ, ಆ ಹೆಸರನ್ನು ಬೆಲೆಯಾಗಿ ಬಿಡಿಸುವುದು ಯಾವಾಗ? ‘=’ ಎಂದು ಬರೆದಿದ್ದರೆ ಬಳಸುವಾಗ; ‘:=’ ಎಂದು ಬರೆದಿದ್ದರೆ ಓದಿದ ಕ್ಷಣದಲ್ಲಿಯೇ. ಅಡಕೆ ವ್ಯಾಪಾರದ ಕರಾರಿನಲ್ಲಿ ‘ಮಾಲು ಒಪ್ಪಿಸುವ ದಿನದ ಪೇಟೆ ಧಾರಣೆಯಂತೆ’ ಎಂದು ಬರೆಯುವುದಕ್ಕೂ, ಇಂದಿನ ದರವನ್ನೇ ರೂಪಾಯಿಗಳಲ್ಲಿ ನಮೂದಿಸುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ನಮ್ಮ ವಿದ್ಯಾರ್ಥಿಗಳು ಕಂಪೈಲರಿನ ಆಯ್ಕೆಗಳ ಚರವನ್ನು ಎರಡನೆಯ ಸಾಲಿನಲ್ಲಿ ‘:=’ ನಿಂದ ಬರೆದಿದ್ದರೆ 0.001 ಆಗಲೇ ಅದರೊಳಗೆ ನಮೂದಾಗಿ ಹೋಗುತ್ತಿತ್ತು. ಕೆಳಗಿನ ಸಾಮಾನ್ಯ ಫೈಲು ಕಾಲಾಂಶವನ್ನು ಬದಲಾಯಿಸಿದರೂ ಆಯ್ಕೆಗಳಿಗೆ ಏನೂ ಆಗುತ್ತಿರಲಿಲ್ಲ. ಅವರು ಬರೆದಿದ್ದುದು ‘=’.

ನಿಯಮಗಳಲ್ಲಿಯೂ ಇದೇ ಭೇದವಿದೆ. ಏನನ್ನು ಕಟ್ಟಬೇಕು, ಅದು ಯಾವ ಫೈಲುಗಳನ್ನು ಅವಲಂಬಿಸಿದೆ ಎಂಬ ಸಾಲು ಓದುವಾಗಲೇ ಬಿಡಿಸಲ್ಪಡುತ್ತದೆ. ಹೇಗೆ ಕಟ್ಟಬೇಕೆಂಬ ಆಜ್ಞೆಗಳು ಕಟ್ಟುವಾಗ ಬಿಡಿಸಲ್ಪಡುತ್ತವೆ. ಫೈಲುಗಳ ಪಟ್ಟಿಯನ್ನು ಹೊತ್ತ ಚರವು ನಿಯಮಕ್ಕಿಂತ ಕೆಳಗೆ ಸೇರಿಸಿದ ಫೈಲಿನಲ್ಲಿದ್ದರೆ, ನಿಯಮವನ್ನು ಓದುವ ಹೊತ್ತಿಗೆ ಆ ಚರ ಖಾಲಿ. ಅವಲಂಬನೆಗಳೇ ಇಲ್ಲವೆಂದು ಮೇಕ್ ತಿಳಿಯುತ್ತದೆ. ಅನುಭವಸ್ಥರೂ ಈ ಗುಂಡಿಯಲ್ಲಿ ಬೀಳುವುದುಂಟು.

ಬೆಲೆಗೆ ಬಾಲ ಸೇರಿಸುವ ‘+=’ ಎಂಬ ಚಿಹ್ನೆಯಲ್ಲಿ ಕ್ರಮದ ಪ್ರಶ್ನೆ ಇನ್ನೊಂದು ರೂಪವನ್ನು ತಾಳುತ್ತದೆ. ಹಿಂದಿನ ಆಯ್ಕೆಗಳು ಅಳಿಯದೆ ಸಾಲಾಗಿ ನಿಂತು ಕಂಪೈಲರಿಗೆ ಹೋಗುತ್ತವೆ. ಪ್ರೋಗ್ರಾಮು ಎಷ್ಟು ಶೀಘ್ರವಾಗಿ ಓಡಬೇಕೆಂಬ ಆಯ್ಕೆಯನ್ನು ಎರಡು ಸಲ ಕೊಟ್ಟರೆ ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರು ಕೊನೆಯದನ್ನು ಮನ್ನಿಸುತ್ತದೆ. ಆದರೆ ಶೀರ್ಷಿಕೆ ಫೈಲುಗಳನ್ನು ಯಾವ ಯಾವ ಕೋಶಗಳಲ್ಲಿ ಹುಡುಕಬೇಕೆಂಬ ಪಟ್ಟಿಯನ್ನು ಅದೇ ಜಿಸಿಸಿ ಎಡದಿಂದ ಬಲಕ್ಕೆ ನೋಡುತ್ತ, ಮೊದಲು ಸಿಕ್ಕಿದುದನ್ನೇ ತೆಗೆದುಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಒಂದು ಆಯ್ಕೆಗೆ ಕೊನೆಯದು ಗೆಲ್ಲುತ್ತದೆ, ಇನ್ನೊಂದಕ್ಕೆ ಮೊದಲನೆಯದು! ಇದರಲ್ಲಿ ತರ್ಕವಿಲ್ಲದಿಲ್ಲ: ಒಂದು ಬೆಲೆಯನ್ನು ಬರೆಯುವ ಕೆಲಸ, ಇನ್ನೊಂದು ವಸ್ತುವನ್ನು ಹುಡುಕುವ ಕೆಲಸ. ಹುಡುಕುವವನು ಸಿಕ್ಕಿದೊಡನೆ ನಿಲ್ಲುತ್ತಾನಷ್ಟೆ.

ಫೈಲುಗಳನ್ನು ಒಂದೊಂದಾಗಿ ಹೆಸರಿಸದೆ, ನಕ್ಷತ್ರಚಿಹ್ನೆಯನ್ನು ಬಳಸಿ ‘ಈ ಕೋಶದಲ್ಲಿರುವುದನ್ನೆಲ್ಲ ಸೇರಿಸು’ ಎನ್ನುವ ಅಭ್ಯಾಸವೂ ಇದೆ. ಆಗ ಕ್ರಮವನ್ನು ನಿರ್ಧರಿಸುವವರು ಯಾರು? ಹೆಸರುಗಳನ್ನು ನಿಘಂಟಿನಂತೆ ಅಕ್ಷರಶಃ ಜೋಡಿಸಿದಲ್ಲಿ 100 ರಿಂದ ಆರಂಭವಾಗುವ ಹೆಸರು 20 ರಿಂದ ಆರಂಭವಾಗುವುದಕ್ಕಿಂತ ಮೊದಲು ಬರುತ್ತದೆ. ಏಕೆಂದರೆ ಅಲ್ಲಿ ಹೋಲಿಕೆ ಸಂಖ್ಯೆಗಳ ನಡುವೆಯಲ್ಲ, 1 ಮತ್ತು 2 ಎಂಬ ಮೊದಲ ಅಂಕಿಗಳ ನಡುವೆ. ಗ್ನೂ ಮೇಕಿನ ಚರಿತ್ರೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಬಹುಕಾಲ ಅದು ಇಂತಹ ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಕೊಡುತ್ತಿತ್ತು, ಆದರೆ ಹಾಗೆ ಕೊಡುವೆನೆಂದು ಕೈಪಿಡಿಯಲ್ಲಿ ಎಲ್ಲಿಯೂ ಮಾತು ಕೊಟ್ಟಿರಲಿಲ್ಲ. 2010 ರಲ್ಲಿ ಹೊರಬಂದ 3.82 ನೆಯ ಆವೃತ್ತಿಯಲ್ಲಿ ಆ ಜೋಡಣೆಯನ್ನು ಕೈಬಿಟ್ಟರು. ಕೋಶವು ಡಿಸ್ಕಿನಲ್ಲಿ ಹೇಗೆ ಬರೆಯಲ್ಪಟ್ಟಿದೆಯೋ ಆ ಕ್ರಮವೇ ಬರತೊಡಗಿತು. ಅದೇ ಮೇಕ್‌ಫೈಲು ಒಂದು ಯಂತ್ರದಲ್ಲಿ ಒಂದು ಬೆಲೆಯನ್ನೂ ಪಕ್ಕದ ಯಂತ್ರದಲ್ಲಿ ಬೇರೊಂದನ್ನೂ ಕೊಡುವುದು ಸಾಧ್ಯವಾಯಿತು. 2020 ರ 4.3 ನೆಯ ಆವೃತ್ತಿಯಲ್ಲಿ ಅಕ್ಷರಕ್ರಮವನ್ನು ಮರಳಿ ತಂದರು. ಕ್ರಮ ಬೇಕಾದವರು ‘ಸಾರ್ಟ್’ ಎಂಬ ಕ್ರಿಯೆಯನ್ನು ತಾವೇ ಸ್ಪಷ್ಟವಾಗಿ ಬಳಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಇತರ ವ್ಯವಸ್ಥೆಗಳಲ್ಲಿಯೂ ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ. ಮೈಕ್ರೋಸಾಫ್ಟಿನ ಎಂಎಸ್‌ಬಿಲ್ಡ್ ಎಂಬುದರಲ್ಲಿ ಎರಡು ಸಾಮಾನ್ಯ ಫೈಲುಗಳಿಗೆ ಅವಕಾಶವಿದೆ: ‘ಪ್ರಾಪ್ಸ್’ ಎಂಬುದನ್ನು ಯೋಜನೆಯ ಸ್ವಂತ ಫೈಲಿಗಿಂತ ಮೊದಲು, ‘ಟಾರ್ಗೆಟ್ಸ್’ ಎಂಬುದನ್ನು ಅದರ ತರುವಾಯ ಓದುತ್ತದೆ. ತಿದ್ದಬಹುದಾದ ಬೆಲೆಗಳನ್ನು ಮೊದಲನೆಯದರಲ್ಲಿಯೂ ತಿದ್ದಬಾರದವನ್ನು ಎರಡನೆಯದರಲ್ಲಿಯೂ ಇಡಬಹುದು. ಸಿಮೇಕ್ ಎಂಬ ವ್ಯವಸ್ಥೆಯಲ್ಲಿ ಒಮ್ಮೆ ಸಂಗ್ರಹಕ್ಕೆ ಸೇರಿದ ಬೆಲೆಯನ್ನು ನಂತರದ ಸಾಧಾರಣ ಸಂಗ್ರಹಸೂಚನೆ ಬದಲಾಯಿಸುವುದಿಲ್ಲ. ಬಲಾತ್ಕಾರದ ಶಬ್ದವನ್ನು ಸೇರಿಸಿಯೇ ಬದಲಾಯಿಸಬೇಕು.

ಚರವೊಂದಕ್ಕೆ ಬೆಲೆ ಎಲ್ಲಿಂದ ಬಂತೆಂದು ಸಂಶಯವಾದಾಗ ಊಹಿಸಬೇಕಾಗಿಲ್ಲ. ಮೇಕಿನ ‘ಪಿ’ ಎಂಬ ಆಯ್ಕೆಯನ್ನು ಬಳಸಿದರೆ ಪ್ರತಿಯೊಂದು ಚರದ ಬೆಲೆಯನ್ನೂ, ಅದು ಯಾವ ಫೈಲಿನ ಎಷ್ಟನೆಯ ಸಾಲಿನಿಂದ ಬಂತೆಂಬುದನ್ನೂ ಅದು ಮುದ್ರಿಸುತ್ತದೆ. ಪಟ್ಟಿ ಬಹಳ ಉದ್ದ, ತಾಳ್ಮೆ ಬೇಕು. ‘ಎನ್’ ಎಂಬ ಆಯ್ಕೆಯಾದರೆ ಏನನ್ನೂ ಕಟ್ಟದೆ, ಕಟ್ಟಲು ಹೊರಟ ಆಜ್ಞೆಗಳನ್ನು ಮಾತ್ರ ತೋರಿಸುತ್ತದೆ.

ವಿದ್ಯಾರ್ಥಿಗಳ ವರದಿ ಮರುದಿನ ಹತ್ತು ಗಂಟೆಗೆ ಬಂತು, 1.105 ರೊಡನೆ. 2.718 ರ ಕಥೆಯನ್ನೂ ಒಂದು ಅನುಬಂಧವಾಗಿ ಸೇರಿಸುವಂತೆ ನಾವು ಹೇಳಿದೆವು. ಅಂಕಗಳು ಹೆಚ್ಚು ಬಂದುದು ಅದಕ್ಕೇ. ನಮ್ಮ ಸಾಮಾನ್ಯ ಫೈಲಿನ ‘=’ ಈಗ ‘?=’ ಆಗಿದೆ, ಅದನ್ನು ಸೇರಿಸುವ ಆಜ್ಞೆ ಮೊದಲನೆಯ ಸಾಲಿಗೆ ಬಂದಿದೆ. ಕಾಲಮುದ್ರೆಯ ತೊಡಕಿಗೂ ಒಂದು ಉಪಾಯವನ್ನು ಮಾಡಿದ್ದೇವೆ: ಪ್ರತಿ ಸಲವೂ ಕಾಲಾಂಶದ ಬೆಲೆಯನ್ನು ಒಂದು ಪುಟ್ಟ ಫೈಲಿನಲ್ಲಿರುವ ಹಳೆಯ ಬೆಲೆಯೊಡನೆ ಹೋಲಿಸಿ, ಬೇರೆಯಾಗಿದ್ದರೆ ಮಾತ್ರ ಆ ಫೈಲನ್ನು ಹೊಸದಾಗಿ ಬರೆಯುವುದು, ಮೂಲಪಾಠದಂತೆ ಆ ಫೈಲನ್ನೂ ಅವಲಂಬನೆಗಳ ಸಾಲಿಗೆ ಸೇರಿಸುವುದು. ಬೆಲೆ ಬದಲಾದರೆ ಫೈಲು ಹೊಸದಾಗುತ್ತದೆ, ಫೈಲು ಹೊಸದಾದರೆ ಮೇಕ್ ಮತ್ತೆ ಕಟ್ಟುತ್ತದೆ. ಇದಲ್ಲದೆ, ಓಡುವ ಪ್ರೋಗ್ರಾಮು ತನ್ನ ಫಲಿತಾಂಶದ ಮೊದಲನೆಯ ಸಾಲಿನಲ್ಲಿಯೇ ತಾನು ಬಳಸಿದ ಕಾಲಾಂಶವನ್ನು ಈಗ ಮುದ್ರಿಸುತ್ತದೆ.