ಎತ್ತರದ ಕಟ್ಟಡ ಮತ್ತು ನೆರೆಹೊರೆಯ ಹಕ್ಕು

ಕಡೂರು, ತರೀಕೆರೆ ಹಾಗೂ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ ಗಗನಚುಂಬಿಗಳ ಊರುಗಳಲ್ಲವಾದರೂ, ಇವು ಸೇರಿದ್ದ ಹಳೆಯ ಮೈಸೂರು ರಾಜ್ಯವು ರಾಜಧಾನಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ಸುತ್ತ ಬಿರುಸಿನ ವಾಗ್ವಾದವನ್ನು ಕಂಡಿತ್ತು. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ ವಿಧಾನಸೌಧದ ಮೂಲ ನಕ್ಷೆಯನ್ನು, 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ದ್ರಾವಿಡ ಶೈಲಿಯಲ್ಲಿ ಹಿಗ್ಗಿಸಿದಾಗ ದುಂದುವೆಚ್ಚದ ಆರೋಪ ಎದ್ದಿತು. ಆದರೆ 1956ರಲ್ಲಿ ಪೂರ್ಣಗೊಂಡ ಆ ಕಲ್ಲಿನ ಸೌಧವೇ ಕ್ರಮೇಣ ನಾಡಿನ ಹೆಮ್ಮೆಯ ಗುರುತಾಯಿತು. ಪ್ಯಾರಿಸ್ಸಿನ ಐಫೆಲ್ ಗೋಪುರವೂ 1887ರಲ್ಲಿ ಕಲಾವಿದರ ಲಿಖಿತ ಪ್ರತಿಭಟನೆಯನ್ನು ಎದುರಿಸಿಯೇ ಮೇಲೆದ್ದಿತು.

ಆದರೂ ಕಾಲ ಕಳೆದಂತೆ ಎಲ್ಲ ವಿರೋಧವೂ ಕರಗುತ್ತದೆಂದು ಭಾವಿಸುವುದು ತಪ್ಪು. ಏಕೆಂದರೆ ಅಂದದ ಕುರಿತ ಆಕ್ಷೇಪವು ರೂಢಿಯಿಂದ ಮಾಯಬಹುದೇ ಹೊರತು, ಬಿಸಿಲು, ಗಾಳಿ, ನೀರು, ಚರಂಡಿಗಳ ಕೊರತೆ ಮಾಯುವುದಿಲ್ಲ. ತಾರಸಿಯ ಮೇಲೆ ಅಡಿಕೆ ಒಣಗಿಸುವ ತರೀಕೆರೆಯ ಮನೆಯೊಂದಕ್ಕೆ ಪಕ್ಕದಲ್ಲಿ ಏಳುವ ನಾಲ್ಕೇ ಅಂತಸ್ತು ಸಹ ಬಿಸಿಲನ್ನು ಕಸಿಯಬಲ್ಲದು. ಆದ್ದರಿಂದಲೇ ಕಟ್ಟಡ ನಿಯಮಗಳು ಸೆಟ್‌ಬ್ಯಾಕ್, ಅಂದರೆ ನಿವೇಶನದ ಗಡಿಯಿಂದ ತೆರವಾಗಿ ಬಿಡಬೇಕಾದ ಜಾಗವನ್ನೂ, ಎಫ್‌ಎಆರ್, ಅಂದರೆ ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿಯನ್ನೂ ವಿಧಿಸುತ್ತವೆ. ಕಾಮಗಾರಿಗೆ ಮುನ್ನವೇ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಇವುಗಳ ಪಾಲನೆಯನ್ನು ಪ್ರಶ್ನಿಸುವುದು ನಾಗರಿಕರಿಗೆ ಹೆಚ್ಚು ಫಲಕಾರಿ.